ಎರಡು ಸಲ ಕೂಡಿಸಿದ ನಾಲ್ಕು ಡಿಗ್ರಿ

ಪತ್ರ ಬಂದದ್ದು ಶನಿವಾರ ಬೆಳಗ್ಗೆ, ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಾಗ. ದಪ್ಪ ಲಕೋಟೆ, ಮೂಲೆಯಲ್ಲಿ ಎಣ್ಣೆ ಕಂಪನಿಯ ಮುದ್ರೆ. ನಿವೃತ್ತರಾಗಿ ಹದಿನಾಲ್ಕು ವರ್ಷ ಕಳೆದ ಮೇಲೆ ಕಂಪನಿಗೆ ತಮ್ಮ ನೆನಪಾಗಿದೆಯಲ್ಲ ಎಂದು ಮಾವನಿಗೆ ಎಷ್ಟು ಖುಷಿಯಾಯಿತೆಂದರೆ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಕೂತರು. "ಏನೋ ಸನ್ಮಾನ ಇರಬೇಕು ಕಣೇ," ಅಂದರು ಅತ್ತೆಗೆ. ಸನ್ಮಾನವಂತೆ, ಸನ್ಮಾನ!

ಮಾವನ ಎರಡು ಕಣ್ಣಿಗೂ ಈಗ ಮಂಜು. ದಪ್ಪ ಅಕ್ಷರವಾದರೆ ಭೂತಗನ್ನಡಿ ಹಿಡಿದು ಓದುತ್ತಾರೆ, ಸಣ್ಣದಾದರೆ ಸೊಸೆ ಓದಿ ಹೇಳಬೇಕು. ಅವಳಿಗೆ ಅವತ್ತು ರಜೆ, ಮನೆಯಲ್ಲೇ ಇದ್ದಳು. ಓದುತ್ತ ಮೂರನೇ ಸಾಲಿಗೆ ಬರುವಷ್ಟರಲ್ಲಿ ಅವಳ ದನಿ ಇಳಿದುಹೋಯಿತು.

"ಯಾಕಮ್ಮಾ ನುಂಗ್ತೀಯ? ಗಟ್ಟಿಯಾಗಿ ಓದು," ಅಂದರು ಮಾವ.

ಅವಳು ಓದಿದಳು. "'ಹೊಸದಾಗಿ ಕೊರೆಯುತ್ತಿದ್ದ ಬಾವಿಯು ನೆಲದೊಳಗೆ ಹಳೆಯ ಐದನೇ ಬಾವಿಗೆ ಡಿಕ್ಕಿ ಹೊಡೆದು ಹಾಳಾಗಿದೆ. ಐದನೇ ಬಾವಿಯ ಸರ್ವೇಯರ್ ಆಗಿದ್ದ ತಾವು ಅಜಾಗರೂಕತೆಯಿಂದಲೋ ಮರೆವಿನಿಂದಲೋ ಕಂಪಾಸಿನ ಮುಳ್ಳನ್ನು ತಪ್ಪಾಗಿ ಓದಿದ್ದೇ ಇದಕ್ಕೆ ಕಾರಣವೆಂದು ತನಿಖಾ ವರದಿ ತೀರ್ಮಾನಿಸಿದೆ. ಮಂಗಳವಾರ ಹನ್ನೊಂದು ಗಂಟೆಗೆ ಕಚೇರಿಗೆ ಬಂದು ವರದಿಯ ಕೊನೆಯ ಪುಟದಲ್ಲಿ ಒಪ್ಪಿಗೆಯ ಸಹಿ ಹಾಕಬೇಕಾಗಿ ಕೋರಲಾಗಿದೆ.'"

ಅತ್ತೆ ಹುರುಳಿಕಾಯಿಯ ಪಾತ್ರೆಯನ್ನು ದೂರ ತಳ್ಳಿದರು. "ಮರೆವಂತೆ! ಈ ಮನುಷ್ಯನಿಗೆ ಮದುವೆಯಾದ ದಿನ ಮರೆತುಹೋಗುತ್ತೆ, ಹಾಲು ತರೋದು ಮರೆತುಹೋಗುತ್ತೆ, ಮನೇಲಿ ನಾನೊಬ್ಬಳು ಇದ್ದೀನಿ ಅನ್ನೋದೂ ಮರೆತುಹೋಗುತ್ತೆ. ಬಾವಿ ಮಾತ್ರ ಒಂದೂ ಮರೆತಿಲ್ಲ. ಬರಲಿ ಅವರು, ನಾನೇ ಸಾಕ್ಷಿ ಹೇಳ್ತೀನಿ!"

ಮಾವ ಭೂತಗನ್ನಡಿಯನ್ನು ಒರೆಸಿದರು, ಮತ್ತೆ ಒರೆಸಿದರು.

ಈ ಕೆಲಸ ಎಂಥದ್ದು ಎಂದು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಈ ಸಿಟ್ಟು ಯಾಕೆಂದು ಗೊತ್ತಾಗುವುದಿಲ್ಲ. ಎಣ್ಣೆ ಬಾವಿ ಎಂದರೆ ನೆಟ್ಟಗೆ ಕೆಳಗಿಳಿಯುತ್ತದೆ ಎಂದೇ ಜನ ತಿಳಿದಿದ್ದಾರೆ. ಎಲ್ಲಿಯ ಮಾತು! ಒಂದೇ ಅಂಗಳದಲ್ಲಿ ಏಳೆಂಟು ಬಾವಿ ಕೊರೆದು, ನೆಲದೊಳಗೆ ಒಂದೊಂದನ್ನು ಒಂದೊಂದು ಕಡೆಗೆ ಓರೆಯಾಗಿ ತಿರುಗಿಸುತ್ತಾರೆ. ಕೆಳಗೆ ಹೋದ ಬಾವಿಯನ್ನು ಕಣ್ಣಿಂದ ಕಂಡವರಿಲ್ಲ. ಅದು ಎಲ್ಲಿದೆ ಅನ್ನುವುದಕ್ಕೆ ಲೆಕ್ಕವೊಂದೇ ಆಧಾರ. ಮೂವತ್ತು ಮೀಟರಿಗೊಮ್ಮೆ ನಿಲ್ಲಿಸಿ ಅಳೆಯಬೇಕು: ಎಷ್ಟು ಆಳ, ಎಷ್ಟು ಓರೆ, ಯಾವ ದಿಕ್ಕು. ಈ ಮೂರನ್ನು ಹಿಡಿದುಕೊಂಡು, ಉತ್ತರಕ್ಕೆ ಇಷ್ಟು ಪೂರ್ವಕ್ಕೆ ಇಷ್ಟು ಎಂದು ಕೂಡಿಸುತ್ತ ಕೂಡಿಸುತ್ತ ಹೋದರೆ ಬಾವಿಯ ದಾರಿ ಕಾಗದದ ಮೇಲೆ ಮೂಡುತ್ತದೆ.

ಮಾವನ ಕಾಲದಲ್ಲಿ ಕೊಳವೆಯೊಳಗೆ ತಂತಿಯಲ್ಲಿ ಸಣ್ಣ ಕ್ಯಾಮೆರಾ ಇಳಿಬಿಟ್ಟು, ಆ ಆಳದಲ್ಲಿ ಕಂಪಾಸಿನ ಮುಳ್ಳಿನ ಫೋಟೋ ತೆಗೆದು, ಮೇಲಕ್ಕೆಳೆದು, ನಾಣ್ಯದಷ್ಟಗಲದ ಫಿಲಂ ಬಿಲ್ಲೆಯನ್ನು ತೊಳೆದು ಭೂತಗನ್ನಡಿಯಲ್ಲಿ ಓದುತ್ತಿದ್ದರು. ಬಾವಿ ಕೊರೆಯುವ ರಿಗ್ಗಿನವರ ಬಾಯಲ್ಲಿ ಅವರ ಹೆಸರೇ ಮುಳ್ಳಪ್ಪ. ಅರ್ಧ ಡಿಗ್ರಿ ಅನುಮಾನ ಬಂದರೂ ಮುಳ್ಳಪ್ಪ ಮತ್ತೊಂದು ಬಿಲ್ಲೆ ಇಳಿಸುತ್ತಿದ್ದರು, ರಿಗ್ಗಿನವರು ಹಲ್ಲು ಕಡಿಯುತ್ತ ಕಾಯುತ್ತಿದ್ದರು.

ಆ ಮುಳ್ಳಿಗೊಂದು ಚಾಳಿ ಉಂಟು. ಅದು ತೋರಿಸುವ ಉತ್ತರವೇ ಬೇರೆ, ಭೂಮಿಯ ನಿಜವಾದ ಉತ್ತರವೇ ಬೇರೆ. ಆ ಸೀಮೆಯಲ್ಲಿ ಆ ಕಾಲಕ್ಕೆ ಮುಳ್ಳು ನಿಜ ಉತ್ತರದಿಂದ ನಾಲ್ಕು ಡಿಗ್ರಿ ಪೂರ್ವಕ್ಕೆ ವಾಲಿಕೊಂಡಿರುತ್ತಿತ್ತು. ಮುಳ್ಳು ಐವತ್ತೆಂಟು ಅಂದರೆ ನಾಲ್ಕು ಕೂಡಿಸಿ ಅರವತ್ತೆರಡು ಎಂದು ಬರೆದುಕೊಳ್ಳಬೇಕು. ಕೂಡಿಸದೆ ಬಿಟ್ಟರೂ ತಪ್ಪು, ಎರಡು ಸಲ ಕೂಡಿಸಿದರೂ ತಪ್ಪು. ಅವನು ಕೂಡಿಸಿರಲಿಕ್ಕಿಲ್ಲ ಎಂದುಕೊಂಡು ಇವನೂ ಕೂಡಿಸುವುದು, ಈ ಕಸುಬಿನವರು ಮಾಡುವ ತಪ್ಪೆಂದರೆ ಇದೇ.

ಸೊಸೆಗೆ ಈ ವಿದ್ಯೆ ಕಲಿಸಿದ್ದೂ ಮಾವನೇ. ಗಂಡ ಹಡಗಿನ ಕೆಲಸದವನು, ವರ್ಷಕ್ಕೆರಡು ಸಲ ಮನೆ ಕಾಣುವವನು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಬೇಸರದಿಂದ ಕೂತಿದ್ದಾಗ ಮಾವ ಒಂದು ಆಲೂಗಡ್ಡೆಗೆ ಹೆಣಿಗೆಯ ಕಡ್ಡಿಗಳನ್ನು ಓರೆಯೋರೆಯಾಗಿ ಚುಚ್ಚಿ, "ಒಳಗೆ ಎಲ್ಲಿ ಒಂದಕ್ಕೊಂದು ತಾಗುತ್ತೆ, ಹೆಚ್ಚದೆ ಹೇಳು ನೋಡೋಣ," ಅಂದಿದ್ದರು. ಅವಳು ಹೇಳಿದಳು. ಹೆಚ್ಚಿ ನೋಡಿದರೆ ಸರಿಯಾಗಿತ್ತು. ಅಲ್ಲಿಂದ ಶುರುವಾದದ್ದು, ಈಗ ಅದೇ ಕಂಪನಿಯ ಸರ್ವೇ ಕೋಣೆಯಲ್ಲಿ ಅವಳಿಗೊಂದು ಮೇಜು ಇದೆ.

ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡೋಣ: ಹಾಳಾದ ಆ ಬಾವಿಯ ದಾರಿಗೆ ಸಹಿ ಹಾಕಿದವಳು ಅವಳೇ. ಹೊಸ ಬಾವಿಗೆ ದಾರಿ ಹಾಕುವಾಗ ಪಕ್ಕದ ಹಳೇ ಬಾವಿಗಳು ಎಷ್ಟು ದೂರ ಎಂದು ನೋಡುವುದು ಅವಳ ಕೆಲಸ. ಐದನೇ ಬಾವಿ ಇಪ್ಪತ್ತೊಂದು ಮೀಟರ್ ಆಚೆ ಇದೆ ಎಂದು ಕಂಪ್ಯೂಟರ್ ಹೇಳಿತು, ಅವಳು ನಂಬಿದಳು. ಆರು ವಾರದ ಹಿಂದೆ, ಖಾಲಿ ಜಾಗ ಎಂದುಕೊಂಡಿದ್ದ ಕಡೆ ಕೊರೆಯುವ ಬಿಟ್ ಹೋಗಿ ಐದನೇ ಬಾವಿಯ ಉಕ್ಕಿನ ಪೈಪಿಗೆ ಕಚ್ಚಿಕೊಂಡಿತು. ಮೇಲೆ ಬಂದ ಕೆಸರಿನಲ್ಲಿ ಉಕ್ಕಿನ ಚೂರುಗಳು ಥಳಥಳ ಹೊಳೆಯುತ್ತಿದ್ದವು. ಪುಣ್ಯಕ್ಕೆ ಅದು ಎಂದೋ ಬತ್ತಿ ಸಿಮೆಂಟ್ ತುಂಬಿಸಿಕೊಂಡಿದ್ದ ಬಾವಿ. ಒಳಗೆ ಒತ್ತಡ ಇರುವ ಬಾವಿಯಾಗಿದ್ದರೆ ರಿಗ್ಗಿನ ಮೇಲಿದ್ದ ಮೂವತ್ತು ಜನ ಮನೆಗೆ ಹೋಗುತ್ತಿರಲಿಲ್ಲ.

ಇಷ್ಟಾದರೂ ಅವಳು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಆ ಮನೆಯಲ್ಲಿ ಅತ್ತೆಯದೊಂದು ಕಾನೂನು: ಊಟದ ಮನೆಯಲ್ಲಿ ಬಾವಿ ಮಾತು ಕೂಡದು. ನಲವತ್ತು ವರ್ಷ ಗಂಡನ ಬಾಯಲ್ಲಿ ಬಾವಿ ಕೇಳಿ ಕೇಳಿ ಸಾಕಾಗಿ, ಸೊಸೆಯೂ ಅದನ್ನೇ ಹಿಡಿದಾಗ ಮಾಡಿದ ಕಾನೂನು ಅದು. ಸೊಸೆಗೆ ಅದು ಅನುಕೂಲವೇ ಆಗಿತ್ತು, ಹೇಳುವ ಧೈರ್ಯ ಇರಲಿಲ್ಲ.

ಮಧ್ಯಾಹ್ನ ವರಾಂಡದಲ್ಲಿ ಮಾವ ತಾವಾಗಿ ಮಾತು ತೆಗೆದರು.

"ನಾನು ಅರವತ್ತೆರಡು ಬರೆದಿದ್ದೆ ಕಣಮ್ಮಾ."

"ನಾಲ್ಕು ಕೂಡಿಸಿಯೇ ಬರೆದಿದ್ರಾ ಮಾವ?"

"ಕೂಡಿಸದೆ ಪುಸ್ತಕ ಮುಟ್ಟಿದವನಲ್ಲ ನಾನು. ಮೊದಲನೇ ಪುಟದಲ್ಲೇ ಬರೆದಿದ್ದೆ: 'ಎಲ್ಲ ದಿಕ್ಕುಗಳಿಗೂ ನಾಲ್ಕು ಕೂಡಿಸಿ ಆಗಿದೆ, ಮತ್ತೆ ಕೂಡಿಸಬೇಡಿ.'" ಮತ್ತೆ ಅಂದರು: "ಮೊದಲನೇ ಪುಟದಲ್ಲಿ ಮಾತ್ರ ಬರೆದೆ. ಎಲ್ಲಾ ಪುಟದಲ್ಲೂ ಬರೀಬೇಕಿತ್ತೋ ಏನೋ."

ಸೋಮವಾರ ಸೊಸೆ ಕಚೇರಿಗೆ ಹೋದವಳೇ ಐದನೇ ಬಾವಿಯ ಕಡತ ತೆರೆದಳು. ಹತ್ತು ವರ್ಷದ ಹಿಂದೆ ಹಳೇ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದ್ದರು. ಸ್ಕ್ಯಾನ್ ಪ್ರತಿಯಲ್ಲಿ ಮಾವನ ಗುಂಡಗಿನ ಅಕ್ಷರ, ದಿಕ್ಕಿನ ಕಾಲಮಿನಲ್ಲಿ ಅರವತ್ತೆರಡು. ಪಕ್ಕದಲ್ಲಿ ಕಂಪ್ಯೂಟರಿನ ಪಟ್ಟಿ, ಅದೇ ಆಳಕ್ಕೆ ಅರವತ್ತಾರು. ಮೇಲಿನಿಂದ ಕೆಳಗಿನವರೆಗೆ ಪ್ರತಿ ಸಾಲಿನಲ್ಲೂ ನಾಲ್ಕು ಜಾಸ್ತಿ. ಅವಳು ಪುಸ್ತಕದ ಆರಂಭಕ್ಕೆ ಹೋದಳು. ಸ್ಕ್ಯಾನ್ ಶುರುವಾಗಿದ್ದೇ ಎರಡನೇ ಪುಟದಿಂದ!

ಮೊದಲನೇ ಪುಟದಲ್ಲಿ ಅಂಕಿಗಳಿಲ್ಲ, ಬರೀ ಬರಹ, ಅದೂ ಚಹಾ ಚೆಲ್ಲಿದ ಪುಟ. ಏನು ಮಹಾ ಇರುತ್ತೆ ಎಂದು ಬಿಟ್ಟಿದ್ದಾರೆ. ಹಳೇ ಕಾಲದ ಪುಸ್ತಕ, ಮುಳ್ಳಿನ ಅಂಕಿಯೇ ಇರಬೇಕು ಎಂದು ತಾವೇ ತೀರ್ಮಾನಿಸಿ, ಎಲ್ಲದಕ್ಕೂ ಸಾರಾಸಗಟಾಗಿ ನಾಲ್ಕು ಕೂಡಿಸಿ ಕೈ ಝಾಡಿಸಿಕೊಂಡಿದ್ದಾರೆ. ಒಂದು ಫೋನ್ ಮಾಡಿ ಕೇಳಿದ್ದರೆ ಆಗಿತ್ತಲ್ಲ, ಮನುಷ್ಯ ಬದುಕಿದ್ದರು, ಎರಡು ಬೀದಿ ಆಚೆ ಇದ್ದರು! ಮೂಲ ಪುಸ್ತಕ ಎಲ್ಲಿ ಎಂದು ಕೇಳಿದರೆ ಕಡತದ ಕೋಣೆಯವನು ತಲೆ ಕೆರೆದುಕೊಂಡ. "ಕಂಪ್ಯೂಟರಿಗೆ ಏರಿಸಿದ ಮೇಲೆ ಎಲ್ಲಾ ರದ್ದಿಗೆ ಹಾಕಿಸಿದ್ರಲ್ಲ ಅಕ್ಕಾ, ಇಸ್ತ್ರಿ ಸಾಹೇಬರು."

ಇಸ್ತ್ರಿ ಸಾಹೇಬ ಅಂದರೆ ಅವಳ ಮೇಲಧಿಕಾರಿ. ರಿಗ್ಗಿನ ಮೇಲೆ ನಿಂತು ಬಂದರೂ ಅಂಗಿಯ ಗೆರೆ ಮುರಿಯದವನು, ಅದಕ್ಕೇ ಆ ಹೆಸರು. ಹಳೇ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸದ ಮುಂದಾಳು ಅವನೇ ಆಗಿದ್ದ. ಅದರ ಹೆಸರಲ್ಲೇ ಬಡ್ತಿ ಪಡೆದ. ಈಗ ಡಿಕ್ಕಿಯ ವರದಿ ಬರೆದವನೂ ಅವನೇ. ಹೇಗಿದೆ ನೋಡಿ ನ್ಯಾಯ!

ಅವಳು ಎರಡೂ ಪ್ರತಿಗಳನ್ನು ಅವನ ಮುಂದಿಟ್ಟಳು. ಅವನು ನೋಡಿದ. ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು, ಅದು ಅವಳಿಗೂ ಕಾಣಿಸಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದ.

"ನೋಡಮ್ಮಾ," ಅಂದ ಮೆತ್ತಗೆ. "ಮೊದಲನೇ ಪುಟದಲ್ಲಿ ಬರೆದಿದ್ರು ಅಂತೀಯ. ಎಲ್ಲಿದೆ ಆ ಪುಟ?"

"ನೀವೇ ರದ್ದಿಗೆ ಹಾಕಿಸಿದ್ದು ಸರ್."

"ಅಂದ್ರೆ ಇಲ್ಲ ಅಂತಾಯ್ತು. ನಿಮ್ಮ ಮಾವ ವಯಸ್ಸಾದವರು, ಮನೇಲಿ ಹಾಯಾಗಿದ್ದಾರೆ. ಅವರಿಗೆ ಏನು ಶಿಕ್ಷೆ ಇದೆ? ಕೆಲಸ ಹೋಗುತ್ತಾ? ಒಂದು ಸಹಿ, ಮುಗೀತು. ಅವರದ್ದಲ್ಲ ತಪ್ಪು ಅಂತ ನೀನು ಹಟ ಹಿಡಿದರೆ ದೊಡ್ಡ ಕಚೇರಿಯಿಂದ ತನಿಖೆಗೆ ಬರೋ ಮೇಡಂ ಏನು ಕೇಳ್ತಾರೆ ಗೊತ್ತಾ? ಇಪ್ಪತ್ತೊಂದು ಮೀಟರ್ ಜಾಗ ಇದೆ ಅಂತ ಸಹಿ ಹಾಕಿದ್ದು ಯಾರು ಅಂತ ಕೇಳ್ತಾರೆ. ಯೋಚನೆ ಮಾಡು."

ಅವಳಿಗೆ ಸಿಟ್ಟು ಬಂತು. ಮುದುಕನ ತಲೆ ಮೇಲೆ ಗೂಬೆ ಕೂರಿಸು, ಇಲ್ಲವೇ ನಿನ್ನ ತಲೆ ಮೇಲೆ ಕೂರಿಸುತ್ತೇನೆ, ಹೇಗೂ ನನ್ನ ತಲೆಯ ಮೇಲಂತೂ ಅದು ಕೂರುವುದಿಲ್ಲ. ಎಂಥ ಮೆತ್ತಗಿನ ಮಾತು! ಅವಳು ಕಾಗದ ಎತ್ತಿಕೊಂಡು ಹೊರಗೆ ಬಂದಳು.

ಸಂಜೆ ವರಾಂಡದಲ್ಲಿ ಕೂತು ಎಲ್ಲವನ್ನೂ ಮಾವನ ಮುಂದೆ ಹೇಳಿದಳು. ತನ್ನ ಸಹಿಯ ವಿಷಯವನ್ನೂ ಹೇಳಿದಳು. ಹೇಳಿದ್ದೇ ತಪ್ಪಾಯಿತು.

"ಹಾಗಾದರೆ ಹಾಕಿಬಿಡ್ತೀನಿ ಬಿಡು," ಅಂದರು ಮಾವ.

"ಏನನ್ನ?"

"ಸಹಿ. ನನಗಿನ್ನು ಆಗಬೇಕಾದ್ದೇನಿದೆ? ನಿನಗೆ ಇನ್ನೂ ಇಪ್ಪತ್ತು ವರ್ಷ ಸರ್ವೀಸ್ ಇದೆ."

"ನನ್ನ ಹೆಸರಲ್ಲಿ ತ್ಯಾಗ ಗೀಗ ಏನೂ ಬೇಡ ಮಾವ! ಮುಳ್ಳು ಓದೋಕೆ ಬರ್ತಿರಲಿಲ್ಲ ಅಂತ ನೀವೇ ಬರೆದುಕೊಡ್ತೀರಾ? ನೀವು?"

"ಬಂದಿರಲಿಕ್ಕೂ ಇಲ್ಲ ಕಣಮ್ಮಾ," ಅಂದರು ಅವರು ನೆಲ ನೋಡುತ್ತ. "ಎರಡು ದಿನದಿಂದ ಯೋಚನೆ ಮಾಡ್ತಿದ್ದೀನಿ. ಮೂವತ್ತೊಂದು ವರ್ಷ ಆಯ್ತು. ಆಗಲೇ ಕಣ್ಣು ಕೆಡ್ತಾ ಇತ್ತೋ ಏನೋ, ಯಾರಿಗೆ ಗೊತ್ತು?"

ಇದನ್ನು ಕೇಳಿ ಅವಳಿಗೆ ಬಂದ ಸಿಟ್ಟು ಇಸ್ತ್ರಿ ಸಾಹೇಬನ ಮೇಲೆ ಬಂದದ್ದಕ್ಕಿಂತ ದೊಡ್ಡದು. ಒಂದು ಪತ್ರ, ಎರಡೇ ಎರಡು ದಿನ, ಅಷ್ಟರಲ್ಲಿ ಮುಳ್ಳಪ್ಪನಂಥ ಮುಳ್ಳಪ್ಪನಿಗೆ ತಮ್ಮ ಕಣ್ಣಿನ ಮೇಲೆ ತಮಗೇ ನಂಬಿಕೆ ಹೋಗಿತ್ತು. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಒಳಗಿನಿಂದ ಅತ್ತೆ, "ಬೈಯಿ, ಚೆನ್ನಾಗಿ ಬೈಯಿ, ನಾನು ಬೈದರೆ ಕಿವಿ ಮೇಲೇ ಹಾಕಿಕೊಳ್ಳಲ್ಲ," ಎಂದು ಕೂಗಿ ಹೇಳಿದರು.

ಬೈಗುಳ ಮುಗಿದ ಮೇಲೆ ಮಾವ ಒಂದು ಪ್ರಶ್ನೆ ಕೇಳಿದರು. ವಾದಕ್ಕಾಗಿ ಕೇಳಿದ್ದಲ್ಲ. ಅಳತೆಯವನ ಚಪಲ, ಅಷ್ಟೇ.

"ಅದಿರಲಿ, ಬಿಟ್ ತಗುಲಿದ್ದು ಎಲ್ಲಿ?"

"ಅಂದ್ರೆ?"

"ನನ್ನ ಬಾವಿಯ ಬಾಯಿಂದ ಉತ್ತರಕ್ಕೆ ಎಷ್ಟು, ಪೂರ್ವಕ್ಕೆ ಎಷ್ಟು? ತಗುಲಿದ ಮೇಲೆ ಗೈರೋ ಇಳಿಸಿ ಅಳೆದೇ ಇರ್ತಾರೆ."

ಗೈರೋ ಅಂದರೆ ಕಬ್ಬಿಣದ ಸೆಳೆತಕ್ಕೆ ಸಿಗದ ಅಳತೆಯ ಯಂತ್ರ, ಅದರಲ್ಲಿ ಮುಳ್ಳೇ ಇಲ್ಲ. ಸೊಸೆ ಪತ್ರದ ಜೊತೆ ಬಂದಿದ್ದ ವರದಿಯ ಪ್ರತಿಯ ಪುಟ ತಿರುಗಿಸಿದಳು. ಎರಡನೇ ಪುಟದಲ್ಲಿ ಮಾವನ ಮೇಲಿನ ದೂರು. ಒಂಬತ್ತನೇ ಪುಟದಲ್ಲಿ, ಗೈರೋದವರು ಕಳಿಸಿದ್ದನ್ನು ಹಾಗೇ ತಂದು ಪಿನ್ ಹೊಡೆದ ಒಂದು ಪಟ್ಟಿ. ಡಿಕ್ಕಿಯಾದ ಜಾಗ: ಉತ್ತರಕ್ಕೆ ನೂರ ನಲವತ್ತೊಂದು ಮೀಟರ್, ಪೂರ್ವಕ್ಕೆ ಇನ್ನೂರ ಅರವತ್ತೈದು.

"ಆ ಆಳದಲ್ಲಿ ನನ್ನ ಬಾವಿ ಬಾಯಿಂದ ಮುನ್ನೂರು ಮೀಟರ್ ಸರಿದಿತ್ತು," ಅಂದರು ಮಾವ. "ಅರವತ್ತಾರಕ್ಕೆ ಹಾಕಿ ನೋಡು."

ಅವಳು ಲಕೋಟೆಯ ಬೆನ್ನಿನ ಮೇಲೆ ಲೆಕ್ಕ ಹಾಕಿದಳು. ಉತ್ತರಕ್ಕೆ ನೂರ ಇಪ್ಪತ್ತೆರಡು, ಪೂರ್ವಕ್ಕೆ ಇನ್ನೂರ ಎಪ್ಪತ್ತನಾಲ್ಕು. ಎಲ್ಲಿಗೂ ಹೊಂದದು.

"ಅರವತ್ತೆರಡಕ್ಕೆ?"

ಪೆನ್ಸಿಲು ಎರಡೇ ಸಾಲು ಓಡಿತು. ಉತ್ತರಕ್ಕೆ ನೂರ ನಲವತ್ತೊಂದು. ಪೂರ್ವಕ್ಕೆ ಇನ್ನೂರ ಅರವತ್ತೈದು. ಅವಳು ಮತ್ತೊಮ್ಮೆ ಹಾಕಿದಳು. ಅದೇ ಬಂತು.

"ಮಾವ," ಅಂದಳು. "ನೀವು ಎಲ್ಲಿದೆ ಅಂತ ಬರೆದಿದ್ರೋ ಅಲ್ಲೇ ಹೋಗಿ ತಗುಲಿದೆ. ಒಂದು ಮೀಟರೂ ಆಚೀಚೆ ಇಲ್ಲ."

ಮಾವ ತಪ್ಪಾಗಿ ಓದಿದ್ದರೆ ಬಿಟ್ಟಿಗೆ ಅಲ್ಲಿ ಬರೀ ಮಣ್ಣು ಸಿಗಬೇಕಿತ್ತು. ಎರಡು ಸಾವಿರ ಮೀಟರ್ ಕತ್ತಲಲ್ಲಿ, ನಾಣ್ಯದಷ್ಟು ಬಿಲ್ಲೆ ನೋಡಿ ಹೇಳಿದ ಮಾತು ಮೂವತ್ತೊಂದು ವರ್ಷದ ಮೇಲೆ ನಿಜವಾಗಿದೆ. ನಿಜವಾದದ್ದಕ್ಕೇ ಬೈಗುಳದ ಪತ್ರ ಬಂದಿದೆ! ಇಸ್ತ್ರಿ ಸಾಹೇಬನ ಕೈಯಲ್ಲೇ ಇತ್ತು ಸಾಕ್ಷಿ, ಏಳು ಪುಟ ತಿರುಗಿಸುವ ಪುರುಸೊತ್ತು ಇರಲಿಲ್ಲ. ಮಾವ ಮಾತ್ರ ಕಾಣದಿದ್ದರೂ ಆ ಲಕೋಟೆಯನ್ನು ಕೈಗೆ ತೆಗೆದುಕೊಂಡು ಪೆನ್ಸಿಲ್ ಗುರುತಿನ ಮೇಲೆ ಬೆರಳಾಡಿಸಿದರು.

"ಆದರೂ ನಿನ್ನ ಸಹಿ ಇದೆಯಲ್ಲಮ್ಮಾ," ಅಂದರು ಕೊನೆಗೆ.

"ಇರಲಿ. ಅದು ನನ್ನದು, ನಾನು ನೋಡ್ಕೊಳ್ತೀನಿ."

ಮಂಗಳವಾರ ಹನ್ನೊಂದಕ್ಕೆ ಉದ್ದನೆಯ ಮೇಜಿನ ಆ ಕಡೆ ಇಸ್ತ್ರಿ ಸಾಹೇಬ, ನಡುವೆ ದೊಡ್ಡ ಕಚೇರಿಯಿಂದ ತನಿಖೆಗೆ ಬಂದಿದ್ದ ಮೇಡಂ. ಈ ಕಡೆ ಮಾವ, ಪಕ್ಕದಲ್ಲಿ ಸೊಸೆ. ಮಾವ ತಮ್ಮ ಹಳೇ ಕೋಟು ಹಾಕಿಕೊಂಡಿದ್ದರು. ಸಾಹೇಬ ಕೊನೆಯ ಪುಟ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಸಹಿ ಹಾಕುವ ಕಡೆ ತಾನೇ ಬೆರಳಿಟ್ಟು ತೋರಿಸಿದ. ಕಣ್ಣು ಕಾಣದವರಿಗೆ ಎಷ್ಟು ಉಪಕಾರ!

ಮಾವ ಪೆನ್ನು ತೆಗೆದುಕೊಂಡರು. ಸೊಸೆ ಆ ಪುಟದ ಮೇಲೆ ಅಂಗೈ ಊರಿದಳು.

"ಮೇಡಂ, ಸಹಿಗೆ ಮುಂಚೆ ಎರಡನೇ ಪುಟವನ್ನೂ ಒಂಬತ್ತನೇ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿ." ಲಕೋಟೆಯ ಬೆನ್ನನ್ನು ಮುಂದೆ ತಳ್ಳಿದಳು. "ಇವರು ಬರೆದಿದ್ದು ಅರವತ್ತೆರಡು. ಆ ಲೆಕ್ಕಕ್ಕೆ ಬಾವಿ ಇಲ್ಲಿರಬೇಕು. ಬಿಟ್ ಇಲ್ಲೇ ತಗುಲಿದೆ. ಕಂಪ್ಯೂಟರಿಗೆ ಏರಿಸುವಾಗ ಇನ್ನೊಂದು ಸಲ ನಾಲ್ಕು ಕೂಡಿಸಿದ್ದಾರೆ. ಆ ಅಂಕಿ ನಂಬಿ ಇಪ್ಪತ್ತೊಂದು ಮೀಟರ್ ಜಾಗ ಇದೆ ಅಂತ ಸಹಿ ಹಾಕಿದ್ದು ನಾನು. ನನ್ನ ಎದುರಿಗೇ ಕೂತು ಊಟ ಮಾಡೋರನ್ನ ಒಂದು ಮಾತು ಕೇಳಲಿಲ್ಲ. ಅದು ನನ್ನ ತಪ್ಪು, ಬರೆದುಕೊಳ್ಳಿ. ಆದರೆ ಮುಳ್ಳು ಓದಿದ್ದು ತಪ್ಪಲ್ಲ."

ಮೇಡಂ ಎರಡು ಪುಟಗಳನ್ನೂ ನೋಡಿದರು. ಕ್ಯಾಲ್ಕುಲೇಟರ್ ತೆಗೆದು ತಾವೇ ಒತ್ತಿದರು.

"ಕಾಕತಾಳೀಯ ಇರಬಹುದು ಮೇಡಂ," ಅಂದ ಸಾಹೇಬ.

"ಒಂದು ಮೀಟರಿನೊಳಗಾ?"

ಅವನ ಮುಖ ಹುಳ್ಳಗಾಯಿತು. ಆದರೆ ಜಾರಿಕೊಳ್ಳುವುದರಲ್ಲಿ ಅವನೇನು ಹೊಸಬನೇ? "ಹಾಗಾದ್ರೆ ಯಾರ ಹೆಸರೂ ಬೇಡ. 'ಅಂದಿನ ದಾಖಲಾತಿ ಪದ್ಧತಿಯ ಅಸ್ಪಷ್ಟತೆಯಿಂದ' ಅಂತ ಹಾಕೋಣ. ಹಿರಿಯರ ಮರ್ಯಾದೆಯೂ ಉಳಿಯುತ್ತೆ."

ಅಂದರೆ ತಪ್ಪು ಆಗಲೂ ಮಾವನದೇ, ಸ್ವಲ್ಪ ಪುಡಿ ಬಳಿದದ್ದು ಅಷ್ಟೇ. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಮಾವ ಮಾತಾಡಿದರು.

"ಒಂದು ವಿಷಯ ಕೇಳಬೇಕಿತ್ತು ಮೇಡಂ. ಆ ಪುಸ್ತಕದಲ್ಲಿ ಐದನೇ ಬಾವಿ ಒಂದೇ ಅಲ್ಲ, ಮೂರರಿಂದ ಎಂಟರವರೆಗೆ ಆರು ಬಾವಿ ಇತ್ತು. ಎಲ್ಲಕ್ಕೂ ಮೊದಲನೇ ಪುಟ ಒಂದೇ. ಉಳಿದ ಐದಕ್ಕೂ ಹೀಗೇ ನಾಲ್ಕು ಕೂಡಿಸಿದ್ದೀರಾ?"

ಸಾಹೇಬ ವರದಿಯ ಹಾಳೆಗಳನ್ನು ಜೋಡಿಸತೊಡಗಿದ.

"ಈಗ ರಿಗ್ ಯಾವ ಬಾವಿ ಪಕ್ಕ ಕೊರೀತಿದೆ?" ಅಂದರು ಮಾವ.

 ಮೂರು ದಿನದ ಸಿಟ್ಟಿನಲ್ಲಿ ಸೊಸೆಗೆ ಐದನೇ ಬಾವಿ ಬಿಟ್ಟು ಬೇರೇನೂ ಕಂಡಿರಲಿಲ್ಲ. "ಏಳನೇದರ ಪಕ್ಕ," ಅಂದಳು. ಏಳನೇದು ಬತ್ತಿದ ಬಾವಿಯಲ್ಲ. ಇವತ್ತಿಗೂ ಅದರ ಬಾಯಲ್ಲಿ ಒತ್ತಡ ಭುಸುಗುಡುತ್ತಿತ್ತು.

ಮೇಡಂ ಫೋನೆತ್ತಿ ರಿಗ್ಗಿನ ನಂಬರ್ ಒತ್ತಿದರು, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರು. ಆ ಕಡೆ, ಎಲ್ಲರೂ ಮೀಸೆ ಡ್ರಿಲ್ಲರ್ ಎನ್ನುತ್ತಿದ್ದವನ ದನಿ, ಹಿಂದೆ ಯಂತ್ರಗಳ ಗದ್ದಲ.

"ಎಲ್ಲಾ ಸರಿಯಾಗಿದೆಯೇನ್ರೀ ಅಲ್ಲಿ?"

"ಸರಿಯಾಗಿದೆ ಮೇಡಂ. ದಿಕ್ಕು ತೋರಿಸೋ ಯಂತ್ರ ಒಂದು ಬೆಳಗ್ಗೆಯಿಂದ ಹುಚ್ಚು ಹಿಡಿದ ಹಾಗೆ ಆಡ್ತಿದೆ. ಹೋದ ಸಲ ಐದನೇ ಬಾವಿ ಹತ್ತಿರಾನೂ ಹೀಗೇ ಮಾಡಿತ್ತು. ಯಂತ್ರ ಕೆಟ್ಟಿದ್ರೆ ಹಳೇ ದಿಕ್ಕೇ ಹಾಕಿ ಮುಂದುವರಿಸಿ ಅಂತ ಸಾಹೇಬರ ಆರ್ಡರ್ ಇದೆಯಲ್ಲ, ಹಾಗೇ ಮಾಡ್ತಿದ್ದೀವಿ."

ಯಂತ್ರ ಕೆಟ್ಟಿತ್ತಂತೆ! ಪಕ್ಕದಲ್ಲೇ ಉಕ್ಕಿನ ಪೈಪು ಸೆಳೆಯುತ್ತಿದೆ ಎಂದು ಮುಳ್ಳು ಬಾಯಿ ಬಡಿದುಕೊಳ್ಳುತ್ತಿದ್ದರೆ, ಮುಳ್ಳಿಗೇ ಹುಚ್ಚು ಎಂದು ಬರೆದು ಮುಂದೆ ಹೋಗುತ್ತಿದ್ದರು. ಮನುಷ್ಯನಿಗೆ ಮರೆವು, ಮುಳ್ಳಿಗೆ ಹುಚ್ಚು, ಸರಿ ಇರುವವನು ಇಸ್ತ್ರಿ ಸಾಹೇಬ ಒಬ್ಬನೇ.

"ಮೊದಲು ಇದು ಸಾಹೇಬರ ತಪ್ಪೇ ಅಂತ ಬರೆದು—" ಎಂದು ಸೊಸೆ ಎದ್ದು ನಿಂತಿದ್ದಳು. ಮಾವ ಅವಳ ಕೈ ಹಿಡಿದು ಕೂರಿಸಿದರು. "ಅದು ಆಮೇಲೆ. ಮೊದಲು ನಿಲ್ಲಿಸಲಿ. ಅಲ್ಲಿ ಜನ ಇದ್ದಾರೆ."

"ನಿಲ್ಲಿಸಿ," ಅಂದರು ಮೇಡಂ ಫೋನಿಗೆ. "ಈ ಕ್ಷಣ. ಬಿಟ್ಟನ್ನ ನೆಲಕ್ಕೆ ಮುಟ್ಟಿಸಬೇಡಿ." ಗದ್ದಲ ಒಂದೊಂದಾಗಿ ಇಳಿಯುವುದು ಫೋನಿನಲ್ಲೇ ಕೇಳಿಸಿತು. ಕೊನೆಗೆ ಮೀಸೆ ಡ್ರಿಲ್ಲರನ ಉಸಿರು ಮಾತ್ರ ಉಳಿಯಿತು.

ಆಮೇಲಿನದು ಒಂದು ಗಂಟೆಯ ಕೆಲಸ. ಏಳನೇ ಬಾವಿಗೆ ಸೊಸೆ ನಾಲ್ಕು ಕಳೆದು ಲೆಕ್ಕ ಹಾಕಿದಳು, ಮಾವ ಕಣ್ಣು ಮುಚ್ಚಿಕೊಂಡು ಆ ಬಾವಿಯ ಓರೆ ಎಲ್ಲೆಲ್ಲಿ ತಿರುಗಿತ್ತು ಎಂದು ಹೇಳುತ್ತ ಹೋದರು. ಒಂದೂ ತಪ್ಪಲಿಲ್ಲ. ಎರಡನೇ ಪುಟದಲ್ಲಿ ಮಾವನ ಮೇಲೆ ಬರೆದಿದ್ದ ಆ ಸಾಲುಗಳನ್ನು ಮೇಡಂ ಇಸ್ತ್ರಿ ಸಾಹೇಬನ ಕೈಯಿಂದಲೇ ಹೊಡೆದುಹಾಕಿಸಿದರು, ಪಕ್ಕದಲ್ಲಿ ಅವನ ಸಹಿ ಹಾಕಿಸಿದರು. ಅವನ ಅಂಗಿ ಮೊದಲ ಸಲ ಬೆವರಿ ಬೆನ್ನಿಗಂಟಿತ್ತು.

"ನಿಮ್ಮ ಸಹಿ ಇನ್ನೇನೂ ಬೇಕಾಗಿಲ್ಲ ಸರ್," ಅಂದರು ಮೇಡಂ.

"ಇಲ್ಲ, ಹಾಕ್ತೀನಿ," ಅಂದರು ಮಾವ. ವರದಿಯನ್ನು ಹತ್ತಿರ ಎಳೆದುಕೊಂಡು, ಭೂತಗನ್ನಡಿ ತೆಗೆದು, ಮೊದಲನೇ ಪುಟದ ತಲೆಯ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆಯತೊಡಗಿದರು. ಬರೆದು ಕೆಳಗೆ ಸಹಿ ಹಾಕಿದರು. ಪುಟ ತಿರುಗಿಸಿದರು. ಎರಡನೇ ಪುಟದಲ್ಲೂ ಅದೇ ಬರೆದರು. ಸಾಹೇಬ ಗಡಿಯಾರ ನೋಡಿದ. ಮೇಡಂ ನೋಡಲಿಲ್ಲ. ಮೂಗು ಕಾಗದಕ್ಕೆ ತಾಗುವ ಹಾಗೆ ಬಗ್ಗಿ, ಒಂದೊಂದು ಅಕ್ಷರವನ್ನೂ ತಡವರಿಸಿ ಹುಡುಕಿ, ಮಾವ ಕೊನೆಯ ಪುಟದವರೆಗೆ ಬರೆದರು. ಅಷ್ಟು ಹೊತ್ತೂ ಯಾರೂ ಎದ್ದು ಹೋಗುವ ಹಾಗಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಹಾಕಿಬಂದ್ರಾ ಸಹಿ?"

"ಹಾಕಿದೆ."

ಅತ್ತೆಯ ಮುಖ ಸಪ್ಪಗಾಯಿತು. "ಹಾಕಿದ್ರಾ!"

"ಒಂದಲ್ಲ, ಹನ್ನೊಂದು," ಎಂದು ಮಾವ ಒಳಗೆ ಹೋದರು, ಕೋಟು ಬಿಚ್ಚಲು.

ಸೊಸೆ ಚೀಲದಿಂದ ವರದಿಯ ಪ್ರತಿ ತೆಗೆದು ಅತ್ತೆಗೆ ಒಂದು ಪುಟ ಓದಿದಳು: "'ನಾಲ್ಕು ಕೂಡಿಸಿ ಆಗಿದೆ, ಮತ್ತೆ ಕೂಡಿಸಬೇಡಿ.'" ಇನ್ನೊಂದು ಪುಟ ತೆಗೆದಳು, ಅದೇ ಇತ್ತು. ಮುಂದಿನದನ್ನೂ ಓದು ಅಂದರು ಅತ್ತೆ. ಹನ್ನೊಂದೂ ಓದಿಸಿದರು, ಏಳನೇ ಬಾವಿಯ ಪಕ್ಕ ಕೊರೆಯುವುದನ್ನು ನಿಲ್ಲಿಸಿದ ಕತೆಯನ್ನೂ ಹೇಳಿಸಿದರು.

ಊಟಕ್ಕೆ ಕೂತಾಗ ಯಾರೂ ಬಾವಿ ಮಾತು ತೆಗೆಯಲಿಲ್ಲ. ಮಾವ ಕಾನೂನು ಮುರಿಯುವವರಲ್ಲ, ಸೊಸೆಯೂ ಅಲ್ಲ. ಬಡಿಸುತ್ತಿದ್ದ ಅತ್ತೆಯೇ ತಡೆಯಲಾರದೆ ಕೇಳಿದರು.

"ಅದೇನು, ಆ ಏಳನೇ ಬಾವಿ. ನಿಲ್ಲಿಸಿದಾಗ ಇನ್ನೆಷ್ಟು ದೂರ ಇತ್ತಂತೆ?"

"ಎರಡೂವರೆ ಮೀಟರ್," ಅಂದಳು ಸೊಸೆ.

ಅತ್ತೆ ತಾವು ನಿಂತಲ್ಲಿಂದ ಅಡುಗೆಮನೆಯ ಬಾಗಿಲಿನವರೆಗೆ ಒಮ್ಮೆ ನೋಡಿದರು. ಆಮೇಲೆ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಅಲ್ಲೇ ಕೂತರು.